ಅಕ್ಕ ಬಿದ್ದ ಬಂಡೆ

ಕಳೆದ ಚಳಿಗಾಲದಲ್ಲಿ ನಾನು ಪಾಠ ಹೇಳುವ ಕಾಲೇಜಿನ ಒಬ್ಬ ವಿದ್ಯಾರ್ಥಿನಿ ಎರಡು ಹಾಳೆ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಹೊರದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದಳು. ಈ ವಿಷಯವನ್ನೇ ಯಾಕೆ ಓದಬೇಕು ಎಂದು ಅಭ್ಯರ್ಥಿ ತನ್ನ ಮಾತಿನಲ್ಲೇ ಹೇಳಿಕೊಳ್ಳುವ ಒಂದು ಪ್ರಬಂಧ ಅರ್ಜಿಯ ಜೊತೆ ಹೋಗಬೇಕು. ಹೈದರಾಬಾದಿನಲ್ಲಿ ಅದನ್ನು ಎಸ್‌ಒಪಿ ಎನ್ನುತ್ತಾರೆ. ಇಲ್ಲಿ ಆಟೋ ಓಡಿಸುವವರಿಗೂ ಆ ಮೂರಕ್ಷರ ಗೊತ್ತು. ಅದರ ಇಂಗ್ಲಿಷನ್ನು ಒಮ್ಮೆ ನೋಡಿಕೊಡಿ ಎಂದಳು.

‘ನನಗೆ ಆರು ವರ್ಷವಿದ್ದಾಗ ನಮ್ಮ ಕ್ವಾರ್ಟರ್ಸಿನ ಹಿಂದಿನ ಬಂಡೆಯ ಮೇಲಿಂದ ನನ್ನ ಅಕ್ಕ ಬಿದ್ದಳು’ ಎಂದು ಅದು ಶುರುವಾಗುತ್ತಿತ್ತು.

ಮುಂದೆ ಓದುವ ಅಗತ್ಯವೇ ಇರಲಿಲ್ಲ. ಮುಂದಿನ ವಾಕ್ಯದಲ್ಲಿ ಅಕ್ಕನ ಕಾಲಡಿಯ ಕಲ್ಲಿನ ಪದರು ಹಪ್ಪಳದಂತೆ ಮುರಿಯುತ್ತದೆ. ಅದರ ಮುಂದಿನದರಲ್ಲಿ ಚಿಕ್ಕ ಮಗು ಅಕ್ಕನ ಮುರಿದ ಕೈ ಹಿಡಿದುಕೊಂಡು ಬಿಸಿಲಲ್ಲಿ ಕೂರುತ್ತದೆ. ಅಕ್ಕನ ಮೊಣಕೈ ಸೊಟ್ಟಗಾಗುತ್ತದೆ, ಓದು ನಿಲ್ಲುತ್ತದೆ. ಆದರೂ ಓದಿದೆ, ಎಲ್ಲವೂ ಹಾಗೆಯೇ ಇತ್ತು. ಒಂದೇ ಒಂದು ವ್ಯತ್ಯಾಸ. ಈ ಹುಡುಗಿ ಡೇಟಾ ಸೈನ್ಸ್‌ಗೆ ಹೋಗುವವಳಾದ್ದರಿಂದ ಕಲ್ಲಿನ ಬಿರುಕಿನಲ್ಲಿ ಅವಳಿಗೆ ‘ಪ್ಯಾಟರ್ನ್’ ಕಂಡಿತ್ತು.

“ನಿನಗೆ ಅಕ್ಕ ಇದ್ದಾಳಾ?” ಎಂದು ತೆಲುಗಿನಲ್ಲಿ ಕೇಳಿದೆ.

“ಲೇದು ಸರ್. ಒಬ್ಬ ಅಣ್ಣ.”

“ಮತ್ತೆ ಈ ಬಂಡೆ?”

“ಬಂಡೆ ಎಲ್ಲಾ ಕಡೆ ಇರುತ್ತಲ್ಲ ಸರ್” ಎಂದಳು. ನನ್ನ ಮುಖ ನೋಡಿ ದನಿ ತಗ್ಗಿಸಿದಳು. “ಕನ್ಸಲ್ಟೆನ್ಸಿಯವರು ಕೊಟ್ಟ ಸ್ಯಾಂಪಲ್ ಇದು. ಚೆನ್ನಾಗಿಲ್ವಾ?”

ಇದು ನನ್ನ ಅಕ್ಕ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ ಮೇಲೆ ಹಾಳೆಗಳನ್ನು ಮೆಲ್ಲಗೆ ವಾಪಸು ಎಳೆದುಕೊಂಡಳು. “ಸಾರಿ ಸರ್. ಬೇರೆ ಸ್ಯಾಂಪಲ್ ಕೇಳ್ತೀನಿ. ತಾತನ ಹಾರ್ಟ್ ಅಟ್ಯಾಕ್‌ದೊಂದು ಇದೆ.”

ಆ ಹುಡುಗಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳನ್ನು ಬಿಟ್ಟು ಉಳಿದ ಎಲ್ಲರ ಮೇಲೂ ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ.

ನಾವು ಬೆಳೆದದ್ದು ಉಪ್ಪಲ್ ಕಡೆಯ ಒಂದು ಕಾಲೊನಿಯಲ್ಲಿ. ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರ ನೌಕರ. ಬಾಗಲಕೋಟೆ ಕಡೆಯಿಂದ ಬಂದು ಇಲ್ಲೇ ನಿಂತವರು. ಮನೆಯೊಳಗೆ ನಮ್ಮ ಮಾತು, ಹೊಸ್ತಿಲು ದಾಟಿದರೆ ತೆಲುಗು, ಸಂತೆಗೆ ಹೋದರೆ ಹಿಂದಿ. ಕ್ವಾರ್ಟರ್ಸಿನ ಹಿಂದೆ ಒಂದು ದೊಡ್ಡ ಬಂಡೆಯಿತ್ತು. ಎರಡಾಳು ಎತ್ತರ ಎಂದು ನನ್ನ ನೆನಪು. ಅದು ಸುಳ್ಳಿರಬಹುದು. ಆರು ವರ್ಷದವನಿಗೆ ಎಲ್ಲವೂ ಎರಡಾಳು ಎತ್ತರವೇ. ಅಳೆದು ನೋಡೋಣವೆಂದರೆ ಬಂಡೆಯಿಲ್ಲ. ಅದನ್ನು ಸಿಡಿಸಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ.

ಆ ಬಂಡೆಯ ಮೇಲಿಂದ ಅಕ್ಕ ಬಿದ್ದದ್ದು ನಿಜ. ಆಗ ಅವಳಿಗೆ ಒಂಬತ್ತೋ ಹತ್ತೋ. ಎಡ ಮೊಣಕೈ ಮುರಿಯಿತು, ಕೂಡಿಸಿದವರು ಸರಿಯಾಗಿ ಕೂಡಿಸಲಿಲ್ಲ, ಇವತ್ತಿಗೂ ಆ ಕೈ ಪೂರ್ತಿ ನೆಟ್ಟಗಾಗುವುದಿಲ್ಲ. ಇಷ್ಟು ಮಾತ್ರ ಯಾರೂ ಅಲ್ಲಗಳೆಯದ ಸಂಗತಿ. ಉಳಿದದ್ದರ ಬಗ್ಗೆ ನಾನು ಆಣೆ ಮಾಡಲಾರೆ.

ನಾನು ಭೂವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿದ್ದು ಲಿಂಗಂಪಲ್ಲಿ ಕಡೆಯ ಕ್ಯಾಂಪಸ್ಸಿನಲ್ಲಿ. ಅಲ್ಲಿ ನನ್ನ ತಲೆಯಲ್ಲಿ ಕೂತಿದ್ದ ಪ್ರಶ್ನೆ ಒಂದೇ. ಈ ಊರಿನಲ್ಲಿ ಪಕ್ಕಪಕ್ಕದ ಎರಡು ಮನೆಯವರು ಬೋರ್‌ವೆಲ್ ಕೊರೆಸುತ್ತಾರೆ. ಒಬ್ಬನಿಗೆ ನೀರು, ಇನ್ನೊಬ್ಬನಿಗೆ ಬರೀ ದೂಳು. ಕೆಳಗೆ ಇರುವುದು ಒಂದೇ ಗ್ರಾನೈಟ್. ಮತ್ತೆ ಯಾಕೆ ಹೀಗೆ? ಕಲ್ಲಿನೊಳಗಿನ ಸೀಳುಗಳು ಎಲ್ಲಿ ಕೂಡುತ್ತವೆ, ಎಲ್ಲಿ ಮುಚ್ಚಿಕೊಳ್ಳುತ್ತವೆ ಎಂದು ಓದಲು ಕೆನಡಾದ ಒಂದು ವಿಶ್ವವಿದ್ಯಾಲಯ ಚೆನ್ನಾಗಿತ್ತು. ಅದಕ್ಕೆ ಅರ್ಜಿ ಹಾಕಬೇಕೆಂದುಕೊಂಡೆ. ಪ್ರಬಂಧವನ್ನು ನಾನೇ ಬರೆದೆ. ಬೋರ್‌ವೆಲ್ಲಿನಿಂದ ಶುರುಮಾಡಿ ಬೋರ್‌ವೆಲ್ಲಿನಲ್ಲೇ ಮುಗಿಸಿದ್ದೆ.

ಆದರೆ ಈ ಊರಿನಲ್ಲಿ ಯಾರೂ ತಾವಾಗಿಯೇ ಅರ್ಜಿ ಹಾಕುವುದಿಲ್ಲ. ಹೊರದೇಶದ ಓದಿಗೆ ಅರ್ಜಿ ಹಾಕಿಸಿಕೊಡುವ ಕನ್ಸಲ್ಟೆನ್ಸಿಯ ಮೂಲಕ ಹೋಗದಿದ್ದರೆ ತಂದೆತಾಯಿಗೆ ನಿದ್ದೆ ಬರುವುದಿಲ್ಲ. ಅಪ್ಪನ ಜೊತೆ ಕೆಲಸ ಮಾಡುವವರ ಮಕ್ಕಳೆಲ್ಲ ಹೋದದ್ದು ಅಮೀರ್‌ಪೇಟೆಯ ಒಂದು ಕನ್ಸಲ್ಟೆನ್ಸಿಯಿಂದ. ಆಗಷ್ಟೇ ಶುರುವಾಗಿದ್ದ ಮೆಟ್ರೊ ಹತ್ತಿ ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದರು. ಕೆಳಗೆ ಪಲ್ಯ-ಸಾರು ಕಟ್ಟಿಕೊಡುವ ಕರ್ರಿ ಪಾಯಿಂಟ್, ಮೇಲೆ ಗಾಜಿನ ಬಾಗಿಲು, ಒಳಗೆ ಗೋಡೆಯ ತುಂಬ ಗೌನು ತೊಟ್ಟು ನಗುವ ಮುಖಗಳು. ಮೊದಲ ದಿನವೇ ಅವರು ನನ್ನ ಹೆಸರಿನಲ್ಲಿ ಹೊಸ ಇಮೇಲ್ ವಿಳಾಸ ತೆರೆದರು. ಅದರ ಪಾಸ್‌ವರ್ಡ್ ಅವರ ಹತ್ತಿರವೇ ಇತ್ತು. ಅದೇ ಪದ್ಧತಿ ಎಂದರು. ಎಲ್ಲರೂ ಒಪ್ಪಿದ್ದರು, ನಾವೂ ಒಪ್ಪಿದೆವು.

ಎಸ್‌ಒಪಿ ನೋಡುವುದಕ್ಕೆ ಒಬ್ಬ ಮೇಡಂ ಇದ್ದರು. ನನ್ನ ಬೋರ್‌ವೆಲ್ ಓದಿದರು. ಇದರಲ್ಲಿ ಭಾವನೆ ಎಲ್ಲಿದೆ ಎಂದು ಪೆನ್ನಿನಿಂದ ಹಾಳೆ ತಟ್ಟಿ ಹಿಂದಿಯಲ್ಲಿ ಕೇಳಿದರು.

“ಫೀಲಿಂಗ್ ಕಹಾಂ ಹೈ ಇಸ್‌ಮೇ?”

ಪ್ರಶ್ನೆ ಇದೆಯಲ್ಲ ಮೇಡಂ ಎಂದೆ.

“ಪ್ರಶ್ನೆ ಎಲ್ಲರ ಹತ್ತಿರ ಇರುತ್ತೆ. ಚೈಲ್ಡ್‌ಹುಡ್ ಬೇಕು. ನೀವು ಕಲ್ಲನ್ನು ಮೊದಲ ಸಲ ನೋಡಿದ ದಿನ ಯಾವುದು?”

ಹೈದರಾಬಾದಿನಲ್ಲಿ ಹುಟ್ಟಿದವನಿಗೆ ಕಲ್ಲನ್ನು ಮೊದಲ ಸಲ ನೋಡಿದ ದಿನ ಎಂದರೆ ಯಾವುದು? ನಾನು ನಕ್ಕೆ. ಅವರು ನಗದೆ ಅಪ್ಪನ ಕಡೆ ತಿರುಗಿದರು. ಮನೆಯಲ್ಲಿ ಏನಾದರೂ ಆಕ್ಸಿಡೆಂಟ್, ಸಾವು, ದೊಡ್ಡ ಕಾಯಿಲೆ?

ಮೇಜಿನ ಆ ಕಡೆ ಕೂತವರು ಕೇಳಿದರೆ ಅಪ್ಪ ಏನನ್ನೂ ಮುಚ್ಚಿಡುವವರಲ್ಲ. ಕಾರ್ಖಾನೆಯ ದವಾಖಾನೆಯಲ್ಲಿ ಹಲ್ಲುನೋವಿಗೆ ಹೋದರೂ ತಾತನ ದಮ್ಮಿನ ತನಕ ಹೇಳಿ ಬರುತ್ತಿದ್ದರು. ಮೇಡಂಗೆ ಉಪಯೋಗಕ್ಕೆ ಬರಲಿ ಎಂದು ನೆನಪಿಸಿಕೊಂಡು ನೆನಪಿಸಿಕೊಂಡು ಹೇಳಿದರು. ಅಕ್ಕ ಬಿದ್ದದ್ದು ಬಂದಾಗ ಮೇಡಂ ಬರೆದುಕೊಂಡರು. ಅಲ್ಲಿ ನಾನು ಏನಾದರೂ ಹೇಳಿದೆನೇ? ನಾನೂ ಅಲ್ಲಿದ್ದೆ ಎಂದೆನೇ? ನನಗೆ ನೆನಪಿಲ್ಲ. ಅಪ್ಪನೋ ಮೇಡಮ್ಮೋ ಸೇರಿಸಿರಬಹುದು. ನಾನೇ ತಲೆಯಾಡಿಸಿರಬಹುದು.

ಎರಡು ವಾರಕ್ಕೆ ಅರ್ಜಿ ಹೋಯಿತೆಂದು ಫೋನು ಬಂತು. ಹೋದ ಮೇಲೆ ತೋರಿಸಿದರು. ಬೋರ್‌ವೆಲ್ ಕೊನೆಯ ಪ್ಯಾರಾದಲ್ಲಿ ಒಂದು ಸಾಲಾಗಿತ್ತು.

ಅಪ್ಪ ಅದರ ಪ್ರಿಂಟ್ ತೆಗೆಸಿಕೊಂಡು ಬಂದು ಮನೆಯ ಶೋಕೇಸಿನಲ್ಲಿ ಇಟ್ಟರು. ಮುಂದಿನ ಭಾನುವಾರ ಅಕ್ಕ ಬಂದಳು. ಓದು ನಿಂತುಹೋಯಿತು ಎಂದು ಪ್ರಬಂಧ ಹೇಳಿದ ಈ ಅಕ್ಕ ಎಂಕಾಂ ಓದಿ, ಪರೀಕ್ಷೆ ಬರೆದು, ಆ ಹೊತ್ತಿಗೆ ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಸೆಕ್ಷನ್ ಆಫೀಸರ್ ಆಗಿದ್ದಳು. ಅಪ್ಪ ಅದನ್ನು ಅವಳ ಕೈಗೆ ಕೊಟ್ಟು, “ನೋಡವಾ, ನೀ ಸೈತ ಕೆನಡಾಕ್ಕ ಹೋದಿ” ಎಂದರು.

ಅಕ್ಕ ನಿಂತುಕೊಂಡೇ ಓದಿದಳು. ಎರಡನೇ ಸಲ ಕೂತು ಓದಿದಳು.

“ಯಾರದ್ಲೇ ಓದು ನಿಂತದ್ದು?” ಎಂದು ನನ್ನನ್ನು ಕೇಳಿದಳು.

“ನಾ ಬರದಿಲ್ಲ ಅಕ್ಕಾ.”

“ಕೆಳಗ ಹೆಸರು ಯಾರದೈತಿ?”

“ಕನ್ಸಲ್ಟೆನ್ಸಿಯವ್ರು ಹಾಕ್ಯಾರ. ನಂಗ ಕೇಳೇ ಇಲ್ಲ.”

ಅಪ್ಪ ನಡುವೆ ಬಂದರು. “ಏನ್ ತಪ್ಪಾತೀಗ? ನೀ ಬಿದ್ದಿದ್ದು ಖರೇ ಅಲ್ಲೇನು?”

“ಬಿದ್ದಿದ್ದು ಖರೇ ಅಪ್ಪಾ. ಆದ್ರ ಬಿದ್ದಾಕಿ ನಾ. ಇವಂಗ್ಯಾಕ ಸೀಟು ಸಿಗಬೇಕು ಅದಕ್ಕ?” ಮತ್ತೆ ನನ್ನ ಕಡೆ ತಿರುಗಿದಳು. “ಕೈ ಹಿಡಕೊಂಡು ಕುಂತಿದ್ನಂತ. ಎಲ್ಲಿದ್ದೀ ನೀ ಅವತ್ತು?”

“ಅಲ್ಲೇ ಇದ್ದೆ.”

“ನೀ ಇರ್ಲೇ ಇಲ್ಲ.”

ಅವಳ ದನಿ ಏರಿರಲಿಲ್ಲ. ಕಡತದಲ್ಲಿ ತಪ್ಪು ಕಂಡಾಗ ಹೇಳುವ ದನಿಯಲ್ಲಿ ಹೇಳಿದಳು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ನನಗೆ ನೆನಪಿತ್ತು. ಕಾಲಿಗೆ ಬಂಡೆಯ ಬಿಸಿ ತಾಗುತ್ತಿತ್ತು. ಪದರು ಮುರಿದ ಸದ್ದು ಕೇಳಿತ್ತು. ಅವಳ ಫ್ರಾಕು ನೀಲಿ. ನಾನು ಹಿಡಿದ ಅಂಗೈ ಒದ್ದೆಯಾಗಿತ್ತು. ಇಷ್ಟೆಲ್ಲ ಇರುವಾಗ ಇರಲೇ ಇಲ್ಲವೆಂದರೆ ಹೇಗೆ? ಅವ್ವನನ್ನು ಕೇಳಿದೆ.

“ನಂಗೇನ್ ಗೊತ್ತಪಾ, ನಾ ಒಳಗ ರೊಟ್ಟಿ ಬಡೀತಿದ್ದೆ. ಚೀರಿದ್ದು ಕೇಳಿ ಹೊರಗ ಬಂದೆ. ನೀ ಇದ್ದಿರಬೇಕು. ಯಾವತ್ತೂ ಆಕಿ ಬೆನ್ನಿಗೇ ಇರ್ತಿದ್ದಿ.”

“ಇದ್ದಿರಬೇಕು ಅಂದ್ರ ಇದ್ದಾಂಗ ಆತೇನವಾ?” ಎಂದಳು ಅಕ್ಕ. ಸಂಜೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ, “ಅದನ್ನ ವಾಪಸ್ ತೊಗೊ. ಬೋರ್‌ವೆಲ್ ಬರೀತೀಯೊ, ಬಾವಿ ಬರೀತೀಯೊ, ನಿಂದು ಬರಿ” ಎಂದಳು.

ಮರುದಿನವೇ ಅಮೀರ್‌ಪೇಟೆಗೆ ಹೋದೆ. ಮೇಡಂ ಬೇರೆ ಯಾರದೋ ಬಾಲ್ಯ ತಿದ್ದುತ್ತಿದ್ದರು. ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ, ಈಗ ಮುಟ್ಟಿದರೆ ಅವರಿಗೆ ಅನುಮಾನ ಬರುತ್ತದೆ ಎಂದರು. ಸುಳ್ಳಿದೆಯಲ್ಲ ಎಂದೆ. “ಸುಳ್ಳಲ್ಲ, ಸೆಂಟಿಮೆಂಟ್. ಸಿಸ್ಟರ್ ಸೆಂಟಿಮೆಂಟ್ ಅಲ್ಲಿಯವರಿಗೆ ಇಷ್ಟ.” ನಾನು ಕೂಗಾಡಿದೆ. ಏನೆಂದು ಕೂಗಾಡಿದೆನೋ ತಿಳಿಯದು. ಫೈಲು ಹಿಡಿದು ಕೂತ ತಂದೆಯರೆಲ್ಲ ತಲೆ ಎತ್ತಿ ನೋಡಿದ್ದು ಕಣ್ಣಿಗೆ ಕಟ್ಟಿದೆ. ನನ್ನನ್ನಲ್ಲ, ತಮ್ಮ ಮಕ್ಕಳನ್ನು ನೋಡಿದರು, ಇವನ ಹಾಗೆ ಮಾಡಬೇಡಿ ಎನ್ನುವಂತೆ. ಪಾಸ್‌ವರ್ಡ್ ಕೊಡಿ ಎಂದೆ. ಪ್ರಕ್ರಿಯೆ ಮುಗಿದ ಮೇಲೆ ಎಂದರು. ವಿಶ್ವವಿದ್ಯಾಲಯಕ್ಕೆ ನನ್ನ ಸ್ವಂತ ಇಮೇಲಿನಿಂದ ಬರೆದೆ. ದಾಖಲಾದ ವಿಳಾಸದಿಂದಲೇ ಬರೆಯತಕ್ಕದ್ದು ಎಂದು ಯಂತ್ರ ಉತ್ತರ ಕೊಟ್ಟಿತು. ಅಂದರೆ ಆ ಅರ್ಜಿಯಲ್ಲಿದ್ದ ಮನುಷ್ಯ ನಾನಲ್ಲ ಎಂದು ಅವರೇ ಹೇಳಿದ ಹಾಗಾಯಿತು.

ಮುಂದೆ ಸಂದರ್ಶನಕ್ಕೆ ಕರೆ ಬಂತು. ವೀಡಿಯೊದಲ್ಲಿ, ಇಲ್ಲಿಯ ಸಂಜೆ ಹೊತ್ತಿಗೆ. ಆಗ ಎಲ್ಲವನ್ನೂ ಸರಿಪಡಿಸಬಹುದು ಎಂದುಕೊಂಡೆ. ಅವರೇ ಬಾಯಿಬಿಟ್ಟು ಕೇಳುತ್ತಾರೆ, ನಾನು ಕಲ್ಲಿನ ಬಗ್ಗೆ ಮಾತಾಡುತ್ತೇನೆ. ಆ ದಿನ ಅಕ್ಕ ಕಚೇರಿಯಿಂದ ನೇರ ನಮ್ಮ ಮನೆಗೆ ಬಂದಳು. ಮೇಜಿನ ಇನ್ನೊಂದು ತುದಿಯಲ್ಲಿ, ಕ್ಯಾಮೆರಾಕ್ಕೆ ಕಾಣದ ಹಾಗೆ, ಮೊರದ ತುಂಬ ಚವಳಿಕಾಯಿ ಇಟ್ಟುಕೊಂಡು ಕೂತಳು.

“ನೀ ಯಾಕ ಇಲ್ಲಿ?” ಎಂದೆ.

“ಚವಳಿಕಾಯಿ ಸೋಸಾಕತ್ತೀನಿ. ನೀ ನಿನ್ನ ಕೆಲಸ ಮಾಡು. ಕೇಳಿದ್ರ ಖರೇ ಹೇಳು.”

ಪರದೆಯ ಮೇಲೆ ಮೂವರು ಬಂದರು. ಇಬ್ಬರು ಗಂಡಸರು, ಒಬ್ಬ ವಯಸ್ಸಾದ ಹೆಂಗಸು. ನಿಮ್ಮ ಪ್ರಬಂಧ ನಮ್ಮನ್ನು ತುಂಬ ತಟ್ಟಿತು ಎಂದು ಆ ಹೆಂಗಸು ಶುರುಮಾಡಿದರು. ನಾನು ಸೀಳುಗಳ ಬಗ್ಗೆ ಹೇಳಲು ಸಿದ್ಧನಾಗಿದ್ದೆ, ನಕಾಶೆಯನ್ನೂ ತೆರೆದಿಟ್ಟಿದ್ದೆ. ಅವರು ಕೇಳಿದರು: ನಿಮ್ಮ ಅಕ್ಕ ಈಗ ಹೇಗಿದ್ದಾರೆ?

ನಾನು ನಕಾಶೆಯನ್ನು ಮೇಲೆ ಕೆಳಗೆ ಸರಿಸುತ್ತ ಕೂತೆ, ಎಷ್ಟು ಹೊತ್ತೋ ಗೊತ್ತಿಲ್ಲ. ಅಕ್ಕ ಆಮೇಲೆ ‘ಭಾಳ ಹೊತ್ತು’ ಎಂದಳು. ನನಗೆ ಉಸಿರೆಳೆದುಕೊಳ್ಳುವಷ್ಟು ಹೊತ್ತು ಎನಿಸಿತ್ತು. ಅಷ್ಟರಲ್ಲಿ ಕುರ್ಚಿ ಸರಿದ ಸದ್ದಾಯಿತು. ಅವಳು ನನ್ನ ಪಕ್ಕಕ್ಕೆ ಬಂದು, ಬಗ್ಗಿ, ಸೊಟ್ಟ ಕೈಯನ್ನು ಮೇಜಿನ ಮೇಲೂರಿ, ಕಚೇರಿಯ ಇಂಗ್ಲಿಷಿನಲ್ಲಿ ಹೇಳಿದಳು: ಆ ಅಕ್ಕ ನಾನೇ. ಚೆನ್ನಾಗಿದ್ದೇನೆ. ಸರ್ಕಾರಿ ಅಧಿಕಾರಿ. ನನ್ನ ಓದು ನಿಂತಿಲ್ಲ. ನಾನು ಬಿದ್ದಾಗ ಇವನು ಅಲ್ಲಿರಲಿಲ್ಲ. ದಯವಿಟ್ಟು ಇವನನ್ನು ಕಲ್ಲಿನ ಬಗ್ಗೆ ಕೇಳಿ.

ಎಲ್ಲ ಮುಗಿಯಿತು ಎಂದುಕೊಂಡೆ. ಒಂದು ನೆಮ್ಮದಿಯೂ ಆಯಿತು. ಆದರೆ ಮೂವರೂ ನಗುತ್ತಿದ್ದರು. ಗೇಲಿಯ ನಗುವಲ್ಲ, ಮೆಚ್ಚುಗೆಯ ನಗು. ಎಂಥ ಪ್ರಾಮಾಣಿಕತೆ, ಎಂಥ ಕುಟುಂಬ ಎಂದರು. ಆ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನೆನಪು ಎಷ್ಟು ಸಂಕೀರ್ಣ ಎಂದು ಒಬ್ಬ ಗಂಡಸು ಹೇಳಿದ. ಅಕ್ಕನಿಗೆ ಕೆಲಸದ ಬಗ್ಗೆ ಕೇಳಿದರು, ಕೈಯ ಬಗ್ಗೆ ಕೇಳಿದರು, ಕೈಯಲ್ಲಿ ಹಿಡಿದಿರುವುದು ಯಾವ ತರಕಾರಿ ಎಂದು ಕೇಳಿದರು. ಹೊತ್ತು ಮುಗಿಯಿತು. ಕಲ್ಲಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಪರದೆ ಆರಿದ ಮೇಲೆ ಅಕ್ಕ ತನ್ನ ಜಾಗಕ್ಕೆ ಹೋಗಿ ಕೂತಳು. “ಇವ್ರಿಗೆ ಏನ್ ಹೇಳಿದ್ರೂ ಕಥೀನೇ ಆಗ್ತೈತಲ್ಲೋ” ಎಂದಳು.

ಸುಳ್ಳನ್ನು ನುಂಗುವವರನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಇವರು ನಿಜವನ್ನೂ ಅದೇ ಬಾಯಿಂದ, ಅದೇ ರುಚಿಯಿಂದ ನುಂಗಿದರು. ದೂರದ ಊರಿನ ಒಬ್ಬ ಬಡ ಹುಡುಗ, ಮುರಿದ ಕೈಯ ಅಕ್ಕ: ಅವರಿಗೆ ಬೇಕಿದ್ದದ್ದು ಅದು. ಅವರು ಕೇಳುತ್ತಾರೆಂದು ಕನ್ಸಲ್ಟೆನ್ಸಿಯವರು ಬರೆಯುತ್ತಾರೆ, ಇವರು ಬರೆಯುತ್ತಾರೆಂದು ಅವರು ಕೇಳುತ್ತಾರೆ. ನಡುವೆ ಯಾರದೋ ಮನೆಯ ಮೂಳೆ ಮುರಿದಿರುತ್ತದೆ. ಅಪ್ಪನಿಗೆ ಕಾಯಂ ನೌಕರಿಯಿತ್ತು, ನಾವು ಎರಡು ಹೊತ್ತೂ ಉಂಡು ಬೆಳೆದವರು, ಬೋರ್‌ವೆಲ್ ಒಣಗುವುದು ಯಾಕೆಂದು ತಿಳಿಯುವ ಕುತೂಹಲವೊಂದೇ ನನಗಿದ್ದದ್ದು. ಕುತೂಹಲಕ್ಕೆ ಸೀಟಿಲ್ಲ. ಅದಕ್ಕೆ ಒಂದು ಗಾಯ ತೋರಿಸಬೇಕು, ನಿಮ್ಮದಿಲ್ಲದಿದ್ದರೆ ಮನೆಯಲ್ಲಿ ಯಾರದಾದರೂ.

ಸೀಟು ಸಿಕ್ಕಿತು. ನಿಮ್ಮ ಕುಟುಂಬದ ಛಲ ನಮಗೆ ಸ್ಫೂರ್ತಿ ಎಂದು ಪತ್ರದಲ್ಲಿ ಬರೆದಿದ್ದರು. ಅಪ್ಪ ಕಾಲೊನಿಗೆಲ್ಲ ಹಂಚಲು ಹಾಲುಕೋವ ತಂದರು. ನಾನು ಹೋಗಲಿಲ್ಲ. ಸಿಟ್ಟಿನಿಂದ ಆ ಸೀಟನ್ನು ಅವರ ಮುಖಕ್ಕೇ ಎಸೆದೆ ಎಂದು ಇಷ್ಟು ವರ್ಷ ಗೆಳೆಯರಿಗೆ ಹೇಳಿಕೊಂಡು ಬಂದಿದ್ದೇನೆ. ಇದನ್ನು ಬರೆಯಲು ಕೂತಾಗ, ಸೀಟು ಬಂದ ಮೇಲೆ ಪಾಸ್‌ವರ್ಡ್ ಸಿಕ್ಕಿದ್ದ ಆ ವಿಳಾಸದಲ್ಲಿ ಹಳೆಯ ಇಮೇಲ್ ಹುಡುಕಿದೆ. ‘ವೈಯಕ್ತಿಕ ಕಾರಣಗಳಿಂದ ಬರಲಾಗುತ್ತಿಲ್ಲ, ಕ್ಷಮಿಸಿ, ಧನ್ಯವಾದ’ ಎಂದಷ್ಟೇ ಇತ್ತು. ಸಿಟ್ಟಿನ ಒಂದಕ್ಷರವೂ ಇರಲಿಲ್ಲ. ಹೀಗಿದೆ ನನ್ನ ನೆನಪಿನ ಯೋಗ್ಯತೆ. ಅಪ್ಪ ಆಮೇಲೆ ಬಹಳ ದಿನ ನನ್ನೊಡನೆ ಮಾತು ಬಿಟ್ಟರು ಎಂದು ನನಗೆ ನೆನಪು. ಬಿಟ್ಟಿರಲಿಲ್ಲ ಎನ್ನುತ್ತಾರೆ ಅಪ್ಪ.

ಅದೇನೇ ಇರಲಿ, ಆ ವಿದ್ಯಾರ್ಥಿನಿ ಹಾಳೆ ತಂದ ದಿನ ಸಂಜೆ ನಾನು ಸೀದಾ ನಾಂಪಲ್ಲಿಗೆ ಹೋದೆ. ಅಕ್ಕನ ಕಚೇರಿ ಬಿಡುವ ಹೊತ್ತು. ನುಮಾಯಿಷ್ ನಡೆಯುತ್ತಿತ್ತು, ಪ್ರತಿ ಜನವರಿಯಲ್ಲಿ ನಡೆಯುವ ಆ ವಸ್ತುಪ್ರದರ್ಶನದ ಜನಜಂಗುಳಿ ರಸ್ತೆಯ ತನಕ ಬಂದಿತ್ತು. ಎದುರಿನ ಹೋಟೆಲಿನಲ್ಲಿ ಚಹಾ ಹೇಳಿ, ಆ ಹುಡುಗಿಯನ್ನು ಕೇಳಿ ಫೋನಿನಲ್ಲಿ ತೆಗೆದುಕೊಂಡಿದ್ದ ಹಾಳೆಗಳ ಫೋಟೊ ತೋರಿಸಿದೆ. ಅವಳು ಅಕ್ಷರ ದೊಡ್ಡದು ಮಾಡಿಕೊಂಡು ಓದಿದಳು.

“ಎಷ್ಟ್ ಮಂದಿ ಅಕ್ಕಾಗೋಳು ಬಿದ್ರೊ ಏನೋ ಆ ಬಂಡಿ ಮ್ಯಾಲಿಂದ” ಎಂದಳು.

ನನಗೆ ನಗು ಬರಲಿಲ್ಲ. ಕನ್ಸಲ್ಟೆನ್ಸಿಗೆ ಹೋಗಿ ಗಾಜು ಒಡೆಯುತ್ತೇನೆ ಎಂದೆ. ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಎಂದೆ.

“ಏನಂತ ಕೊಡ್ತಿ? ನಮ್ಮಕ್ಕನ ಕೈ ಕಳುವಾಗೇತಿ ಅಂತೀ?”

“ಅಕ್ಕಾ, ಒಂದು ಖರೇ ಹೇಳು. ನಾ ಇದ್ದೆನೊ ಇಲ್ಲೊ?”

ಅವಳು ಸಾಸರಿನಲ್ಲಿ ಚಹಾ ಆರಿಸುತ್ತಿದ್ದಳು. ಹೊರಗೆ ಮೈದಾನದ ಮೇಲೆ ಜೈಂಟ್ ವ್ಹೀಲ್ ದೀಪ ಹಚ್ಚಿಕೊಂಡು ತಿರುಗುತ್ತಿತ್ತು. ಅದರ ಕಡೆ ಗದ್ದ ಎತ್ತಿ ತೋರಿಸಿದಳು.

“ಅವತ್ತ ನೀ ಅಲ್ಲಿದ್ದಿ. ಅಪ್ಪ ನಿನ್ನ ಒಬ್ಬನ್ನ ನುಮಾಯಿಷಿಗೆ ಕರ್ಕೊಂಡ್ ಬಂದಿದ್ದ. ನಂಗ ಪರೀಕ್ಷಾ ಅದಾವ, ಮುಂದಿನ ವರ್ಷ ಅಂದಿದ್ದ. ಸಿಟ್ಟು ಬಂದಿತ್ತು ನಂಗ. ಬಂಡಿ ಹತ್ತಿದ್ರ ವ್ಹೀಲ್ ಕಾಣ್ತೈತೇನು ನೋಡೂಣು ಅಂತ ಹತ್ತಿದೆ.”

ಇದನ್ನು ಅವಳು ಎಂದೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಅಪ್ಪ ಜೀವನಪೂರ್ತಿ ಕೊರಗುತ್ತಿದ್ದ ಎಂದಳು. ಯಾಕೆ ಹತ್ತಿದೆ ಎಂದು ಯಾರೂ ಕೇಳಲೂ ಇಲ್ಲ ಎಂದಳು. ಎಲ್ಲರೂ ಕೇಳಿದ್ದು ಹೇಗೆ ಬಿದ್ದೆ ಎಂದು.

“ಕಾಣಿಸ್ತೇನು?”

“ಉಪ್ಪಲ್‌ದಾಗಿಂದ ನಾಂಪಲ್ಲಿ ಕಾಣ್ತೈತೇನ್ಲೇ? ಯಾವ್ದೊ ಫ್ಯಾಕ್ಟರಿ ಲೈಟ್ ಕಂಡ್ವು. ಅದೇ ಇರಬೇಕಂತ ಇನ್ನೊಂದ್ ಹೆಜ್ಜಿ ಮುಂದಿಟ್ಟೆ.”

ಪದರು ಮುರಿಯಲಿಲ್ಲವೇ ಎಂದೆ. ಕಲ್ಲಿಗೆ ಏನೂ ಆಗಲಿಲ್ಲ ಎಂದಳು. ಹಾಗಾದರೆ ನಾನು ಕೇಳಿದ ಆ ಸದ್ದು ಅಮೀರ್‌ಪೇಟೆಯ ಮೇಡಂ ಬರೆದದ್ದು. ಬಂಡೆಯ ಬಿಸಿಯೂ ಅವರದೇ. ಬಿದ್ದದ್ದು ದೀಪ ಹಚ್ಚುವ ಹೊತ್ತು. ಒದ್ದೆ ಅಂಗೈ ಯಾರದೋ. ಮೇಡಂ ನನ್ನ ಅರ್ಜಿಯೊಳಗೆ ಹೊಕ್ಕಿದ್ದು ಹೋಗಲಿ, ನನ್ನ ಆರನೇ ವರ್ಷದೊಳಗೂ ಹೊಕ್ಕು ಕುರ್ಚಿ ಹಾಕಿ ಕೂತಿದ್ದರು. ಆ ಹೊತ್ತಿನ ಸಿಟ್ಟಿಗೆ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದೆ. ಜೊತೆಗೇ ನನ್ನ ಹಾಳು ಬುದ್ಧಿ ಇನ್ನೊಂದು ಮಾತು ಎತ್ತಿತು: ಅಕ್ಕನ ಮಾತನ್ನು ಇಷ್ಟು ಬೇಗ ನಂಬುತ್ತಿದ್ದೇನಲ್ಲ, ಅದು ನಿಜವೆಂದೋ, ಮೇಡಂ ಬರೆದದ್ದಕ್ಕಿಂತ ಚೆನ್ನಾಗಿದೆ ಎಂದೋ? ಇದನ್ನು ಅವಳೆದುರು ಹೇಳಲಿಲ್ಲ.

ಬದಲಿಗೆ, ಇದನ್ನು ಬರೆಯಲೇ ಎಂದು ಕೇಳಿದೆ. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಯಾವ ಸೀಟಿಗೂ ಅಲ್ಲ.

ಅಕ್ಕ ಬಲಗೈಯಿಂದ ಪರ್ಸು ತೆಗೆದು, ಸೊಟ್ಟ ಕೈಯ ಸಂದಿಯಲ್ಲಿ ಅದನ್ನು ಇರುಕಿಸಿಕೊಂಡು ಚಹಾದ ದುಡ್ಡು ಇಟ್ಟಳು. ಮೊಣಕೈಯ ಆ ಮಡಿಕೆ, ಪರ್ಸು ಹಿಡಿಯುವುದಕ್ಕೆಂದೇ ಆದಂತಿದೆ.

“ಬರಿ. ಆದ್ರ ಓದು ನಿಂತಿತು ಅಂತ ಬರೀಬ್ಯಾಡ. ಅಳಕೋತ ಕುಂತಿದ್ಲು ಅಂತ ಬರೀಬ್ಯಾಡ. ಲೈಟ್ ನೋಡಾಕ ಹತ್ತಿದ್ಲು ಅಂತ ಬರಿ.”

“ಮತ್ತ ನಾ?”

“ನೀ ವ್ಹೀಲ್‌ನ್ಯಾಗ ಕುಂತಿದ್ದಿ ಅಂತ ಬರಿ.”

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಎತ್ತರ, ಗಾಳಿ, ಅಪ್ಪನ ಕೈ, ಯಾವುದೂ ಬರಲಿಲ್ಲ. ಆ ಸಂಜೆಯ ಜಾಗದಲ್ಲಿ ಬಂಡೆ ಮಾತ್ರ ಕೂತಿತ್ತು.

“ಕುಂತಿದ್ನೇನು ಅಕ್ಕಾ? ಖರೇನ?”

“ನಂಗ್ಯಾಂಗ ಗೊತ್ತಿರ್ತೈತಿ?” ಎಂದು ಅಕ್ಕ ಎದ್ದು ಸೀರೆ ಸರಿಮಾಡಿಕೊಂಡಳು. “ನಾ ಅಲ್ಲಿ ಇರ್ಲಿಲ್ಲಲ್ಲ.”